ಏಳನೆಯ ಸಾಲು

"ಆ ಚೀಟಿ ಇಲ್ಲಿ ನಡೆಯಲ್ಲ," ಎಂದು ಅಮ್ಮ ಹೇಳಿದಾಗ ಅಕ್ಕ ಕನ್ನಡಕದಂಗಡಿಯ ಪರದೆಯ ಹಿಂದೆ ಗಾಜಿನ ಅಂಚು ಉಜ್ಜುತ್ತಿದ್ದಳು. ಕಲ್ಲು ತಿರುಗುವ ಸದ್ದಿನಲ್ಲೂ ಮಾತು ಸ್ಪಷ್ಟವಾಗಿ ಕೇಳಿಸಿತು. ಇಪ್ಪತ್ತಾರು ವರ್ಷಗಳಿಂದ ವಾರಕ್ಕೆ ನಾಲ್ಕು ಸಲವಾದರೂ ಕೇಳಿದ ಮಾತು ಅದು. ಕಿವಿ ಮುಚ್ಚಿಕೊಂಡರೂ ಕೇಳಿಸುತ್ತಿತ್ತು. ಅವಳು ಯಂತ್ರ ನಿಲ್ಲಿಸಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊರಗೆ ಬಂದಳು.

ಬಾಗಿಲ ಪಕ್ಕ ಗಿರಾಕಿಗಳಿಗೆಂದು ಹಾಕಿದ ಒಂದೇ ಒಂದು ಒಳ್ಳೆಯ ಕುರ್ಚಿಯಲ್ಲಿ, ಎಂದಿನಂತೆ, ಅಮ್ಮ ಕೂತಿದ್ದಳು. ಎದುರಿಗೆ ಬಸ್ ಕಂಡಕ್ಟರೊಬ್ಬ ಕೈಯಲ್ಲಿ ಚೀಟಿ ಹಿಡಿದು ನಿಂತಿದ್ದ.

"ಏನಮ್ಮ ನಡೆಯಲ್ಲ ಅಂದ್ರೆ? ಕಣ್ಣಿನ ಡಾಕ್ಟರು ಬರೆದಿರೋದು. ನಾಲ್ಕು ಅಂಗಡಿ ಆಚೆ ಅವರ ದವಾಖಾನೆ ಇದೆಯಲ್ಲ, ಅವರೇ."

"ಅವನೇ ಅಂತ ಗೊತ್ತು ಕಣಪ್ಪ, ಅದಕ್ಕೇ ನಡೆಯಲ್ಲ. ಕತ್ತೆಗೂ ಕಂಬಕ್ಕೂ ವ್ಯತ್ಯಾಸ ಕಾಣದ ಹುಡುಗನ್ನ ಕಣ್ಣು ಚೆನ್ನಾಗಿದೆ ಅಂತ ಯುದ್ಧಕ್ಕೆ ಕಳಿಸಿದ ಮಹಾಪುರುಷ ಅವನು. ಅವನು ಬರೆದದ್ದು ಹಾಕಿಕೊಂಡ್ರೆ ನಿನಗೆ ಬಸ್ಸೂ ಕಾಣಲ್ಲ."

ಕಂಡಕ್ಟರ್ ಅಕ್ಕನ ಮುಖ ನೋಡಿದ. ಅಕ್ಕ ಅಮ್ಮನ ಬೆನ್ನ ಹಿಂದೆ ನಿಂತು ಕಣ್ಣಿನಲ್ಲೇ ಹಿತ್ತಲ ಬಾಗಿಲ ಕಡೆ ತೋರಿಸಿ, ಎರಡು ಬೆರಳೆತ್ತಿದಳು. ಎರಡು ಗಂಟೆಗೆ ಹಿಂದಿನಿಂದ ಬಾ ಎಂದರ್ಥ. ಆ ಹೊತ್ತಿಗೆ ಅಮ್ಮ ಊಟ ಮಾಡಿ ಅರ್ಧ ಗಂಟೆ ಮಲಗುತ್ತಾಳೆ. ಆ ಅರ್ಧ ಗಂಟೆಯಲ್ಲೇ ಅಕ್ಕ ಡಾಕ್ಟರ ಚೀಟಿಗಳನ್ನೆಲ್ಲ ಕಳ್ಳಮಾಲಿನಂತೆ ಒಳಗೆ ತೆಗೆದುಕೊಂಡು, ತಯಾರಾದ ಕನ್ನಡಕಗಳನ್ನು ಹೊರಗೆ ದಾಟಿಸುವುದು. ಊರಿಗೆ ಇರುವುದು ಒಬ್ಬನೇ ಕಣ್ಣಿನ ಡಾಕ್ಟರು, ಒಂದೇ ಕನ್ನಡಕದಂಗಡಿ. ಅವರ ಚೀಟಿ ಇವರಿಗೆ ಆಗುವುದಿಲ್ಲವೆಂದರೆ ಅಂಗಡಿಗೆ ಬೀಗ ಹಾಕಿ ಮನೆಯಲ್ಲಿ ಕೂರಬೇಕಷ್ಟೆ. ಇದನ್ನು ಅಮ್ಮನಿಗೆ ವಿವರಿಸಲು ಹೋಗಿ ಅಕ್ಕ ಕೈಬಿಟ್ಟು ಕಾಲು ಶತಮಾನವಾಗಿತ್ತು.

ಬೀದಿಯವರಿಗೆಲ್ಲ ಅವಳು ಕನ್ನಡಕದಕ್ಕ. ನಿಜವಾಗಿ ಅವಳನ್ನು ಅಕ್ಕ ಎನ್ನುವ ಹಕ್ಕಿದ್ದವನು ಒಬ್ಬನೇ, ನಾಲ್ಕು ವರ್ಷಕ್ಕೆ ಕಿರಿಯ ತಮ್ಮ. ದಪ್ಪ ಗಾಜಿನ ಕನ್ನಡಕ ಹಾಕುತ್ತಿದ್ದನೆಂದು ಶಾಲೆಯಲ್ಲಿ ಅವನಿಗೆ ಸೋಡಾಬುಡ್ಡಿ ಎಂದು ಹೆಸರಿಟ್ಟರು. ಅದು ಸವೆದು ಸವೆದು ಬರೀ ಸೋಡಾ ಆಯಿತು. ಇಪ್ಪತ್ತನೆಯ ವಯಸ್ಸಿನಲ್ಲಿ, ಗಡಿಯಲ್ಲಿ ಯುದ್ಧ ಶುರುವಾದಾಗ, ಸೋಡಾ ಸೈನ್ಯಕ್ಕೆ ಸೇರಿದ. ಏಳನೆಯ ತಿಂಗಳಲ್ಲಿ ಸಾಮಾನಿನ ಲಾರಿ ಇಳಿಸುತ್ತಿದ್ದಾಗ ಶೆಲ್ ಬಿದ್ದು ಸತ್ತ. ಜೊತೆಗೆ ಇನ್ನೂ ನಾಲ್ವರು ಸತ್ತರು, ಅವರೆಲ್ಲರ ಕಣ್ಣೂ ಚೆನ್ನಾಗಿತ್ತು.

ಇದನ್ನೂ ಅಕ್ಕ ಹೇಳಿ ನೋಡಿದ್ದಳು. "ಶೆಲ್ ಅಂದ್ರೆ ಬಸ್ಸೇನಮ್ಮ, ದೂರದಿಂದ ಬರ್ತಿದೆ ಅಂತ ನೋಡಿ ಪಕ್ಕಕ್ಕೆ ಸರಿಯೋಕೆ?"

"ಸರಿಯೋ ಮಾತಲ್ಲ. ಅವನು ಅಲ್ಲಿ ಇರಬೇಕಾದವನೇ ಅಲ್ಲ. ಕಣ್ಣು ನೋಡಿದವನು ಸರಿಯಾಗಿ ನೋಡಿದ್ರೆ ನನ್ನ ಮಗ ಇವತ್ತು ಇದೇ ಅಂಗಡೀಲಿ ನನ್ನ ಜೊತೆ ಜಗಳ ಆಡ್ಕೊಂಡು ಕೂತಿರ್ತಿದ್ದ," ಎನ್ನುತ್ತಿದ್ದಳು ಅಮ್ಮ. ಅದಕ್ಕೆ ಅಕ್ಕನ ಬಳಿ ಉತ್ತರ ಇತ್ತು, ಹೇಳುವ ಧೈರ್ಯವಿರಲಿಲ್ಲ. ಅವಳು ಹೋಗಿ ಯಂತ್ರದ ಮುಂದೆ ಕೂತುಬಿಡುತ್ತಿದ್ದಳು.

ಹೀಗೇ ಹೇಗೋ ನಡೆದುಕೊಂಡು ಹೋಗುತ್ತಿದ್ದ ಸಂಸಾರಕ್ಕೆ ಹೆಡ್‌ಮಾಸ್ತರು ಬಂದು ಕಲ್ಲು ಹಾಕಿದರು. ಕಂಡಕ್ಟರ್ ಹೋದ ಹತ್ತು ನಿಮಿಷಕ್ಕೆ ಅವರು ಕಂಕುಳಲ್ಲಿ ಆಮಂತ್ರಣ ಪತ್ರಿಕೆಯ ಕಟ್ಟು ಇಟ್ಟುಕೊಂಡು ಮೆಟ್ಟಿಲು ಹತ್ತಿದರು. ಸೋಡಾ ಓದಿದ ಶಾಲೆಯ ಹೊಸ ಗ್ರಂಥಾಲಯದ ಕೋಣೆಗೆ ಅವನ ಹೆಸರಿಡುವುದು, ಅಲ್ಲಿ ಅವನ ಫೋಟೋ ಹಾಕುವುದು, ಶನಿವಾರ ಬೆಳಿಗ್ಗೆ ಹತ್ತೂವರೆಗೆ ಸಭೆ. ವೀರಮಾತೆ ವೇದಿಕೆಯ ಮೇಲೆ ಕೂತು ಎರಡು ಮಾತಾಡಬೇಕು. ವೀರಮಾತೆ ಎಂಬ ಶಬ್ದವನ್ನು ಅವರು ಮೂರು ಸಲ ಬಳಸಿದರು.

"ಒಂದು ಫೋಟೋ ಬೇಕಿತ್ತು," ಎಂದರು. "ಆದಷ್ಟೂ ಕನ್ನಡಕ ಇಲ್ಲದ್ದು. ಸೈನಿಕ ಅಂದ್ಮೇಲೆ ಮಕ್ಕಳಿಗೆ ಒಂದು ಕಲ್ಪನೆ ಇರುತ್ತಲ್ಲ."

"ಕನ್ನಡಕ ಹಾಕಿರೋದೇ ಕೊಡ್ತೀನಿ," ಎಂದಳು ಅಮ್ಮ. "ಅತಿ ದಪ್ಪದ್ದು ಯಾವುದಿದೆಯೋ ಅದನ್ನೇ ಹುಡುಕಿ ಕೊಡ್ತೀನಿ. ಎಂಥಾ ಹುಡುಗನ್ನ ಕಳಿಸಿದ್ರು ಅಂತ ಎಲ್ಲರೂ ನೋಡ್ಲಿ."

ಹೆಡ್‌ಮಾಸ್ತರು ನಕ್ಕು, ಪತ್ರಿಕೆಯನ್ನು ಅಕ್ಕನ ಕೈಗೆ ಕೊಟ್ಟರು. ಅಕ್ಕ ಅದನ್ನು ಓದುತ್ತಾ ಮೂರನೆಯ ಸಾಲಿಗೆ ಬಂದವಳು ಅಲ್ಲೇ ನಿಂತಳು. ಭಾವಚಿತ್ರ ಅನಾವರಣ ಮಾಡುವವರು ಕಣ್ಣಿನ ಡಾಕ್ಟರು. ಈ ಹೆಡ್‌ಮಾಸ್ತರು ಊರಿಗೆ ಬಂದು ಎರಡು ವರ್ಷವಾಗಿತ್ತಷ್ಟೆ. ಪಾಪ, ಅವರಿಗೇನು ಗೊತ್ತು? ಪ್ರತಿವರ್ಷ ಮಕ್ಕಳ ಕಣ್ಣು ಪರೀಕ್ಷೆ ಮಾಡಿಕೊಡುವ ದೊಡ್ಡ ಮನುಷ್ಯರೆಂದು ಕರೆದಿದ್ದರು. ಅಕ್ಕ ಪತ್ರಿಕೆಯನ್ನು ಮಡಚಿ ಒಳಗಿಡಲು ನೋಡಿದಳು, ಆದರೆ ಅಮ್ಮ ಕೈ ಚಾಚಿಯಾಗಿತ್ತು.

ಅಮ್ಮ ಭೂತಗಾಜು ಹಿಡಿದು ಪತ್ರಿಕೆಯನ್ನು ಮೇಲಿಂದ ಕೆಳಗೆ ಓದಿದಳು. ಅವಳು ಸಿಡಿಯುವುದನ್ನೇ ಅಕ್ಕ ಕಾಯುತ್ತಿದ್ದಳು. ಅಮ್ಮ ಸಿಡಿಯಲಿಲ್ಲ.

"ಬರ್ತೀನಿ," ಎಂದಳು. "ಎರಡು ಮಾತು ಅಂದ್ರಲ್ಲ, ಎರಡೇ ಆಡ್ತೀನಿ."

ಹೆಡ್‌ಮಾಸ್ತರು ಸಂತೋಷವಾಗಿ ಹೊರಟುಹೋದರು. ಅವರು ಬೀದಿ ತಿರುಗುವ ತನಕ ಅಮ್ಮ ಕಾದಳು. ಆಮೇಲೆ, "ಇಷ್ಟು ವರ್ಷ ಈ ಬಾಗಿಲಲ್ಲಿ ಕೂತು ಹೇಳಿದ್ದು ಯಾರ ಕಿವಿಗೂ ಹೋಗಿಲ್ಲ. ಮೈಕಿನಲ್ಲಿ ಹೇಳಿದ್ರೆ ಹೋಗುತ್ತೆ. ಅವನು ಅಲ್ಲೇ ಕೂತಿರ್ತಾನೆ, ಮುಖದ ಮುಂದೇನೇ ಹೇಳ್ತೀನಿ. ನನ್ನ ಮಗನ್ನ ಕೊಂದವನು ಇವನು, ಈಗ ಅವನ ಪಟದ ಬಟ್ಟೆ ತೆಗೀತಾನೆ ಅಂತ," ಎಂದಳು.

"ಅಮ್ಮ, ನಿನಗೇನು ಬುದ್ಧಿ ಗಿದ್ದಿ ಇದೆಯಾ?"

"ಇದೆ. ಅದಕ್ಕೇ ಶನಿವಾರದ ತನಕ ಸುಮ್ಮನಿರ್ತೀನಿ."

ಮುಂದಿನ ನಾಲ್ಕು ದಿನ ಅಮ್ಮ ಹೇಳಿದಂತೆಯೇ ಸುಮ್ಮನಿದ್ದಳು. ಅಕ್ಕನಿಗೆ ಅದೇ ದೊಡ್ಡ ಹಿಂಸೆಯಾಯಿತು. ಚೀಟಿ ತಂದವರನ್ನು ಅಮ್ಮ ವಾಪಸ್ ಕಳಿಸಲಿಲ್ಲ. ಒಳಗೆ ಹೋಗಿ ಎಂದು ಕೈ ತೋರಿಸಿ, ತುಟಿ ಅಲ್ಲಾಡಿಸುತ್ತಾ ಕೂತಿರುತ್ತಿದ್ದಳು. ಭಾಷಣ ತಯಾರಾಗುತ್ತಿತ್ತು. ಅಕ್ಕನಿಗೆ ಕೈಕೆಲಸ ಓಡಲಿಲ್ಲ. ಒಂದು ಗಾಜನ್ನು ಉಜ್ಜಿ ಉಜ್ಜಿ ಚೌಕಟ್ಟಿನಲ್ಲಿ ನಿಲ್ಲದಷ್ಟು ಸಣ್ಣದು ಮಾಡಿದಳು. ಮರುದಿನ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ, ಗಿರಾಕಿ ಹಾಕಿಕೊಂಡು ಮೆಟ್ಟಿಲು ತಪ್ಪಿದ ಮೇಲೆ ಗೊತ್ತಾಯಿತು.

ಎಲ್ಲದಕ್ಕಿಂತ ಅವಳಿಗೆ ಸಿಟ್ಟು ಬರುತ್ತಿದ್ದದ್ದು ಡಾಕ್ಟರ ಮೇಲೆ. ಎಂಥ ಮನುಷ್ಯ ಇವನು? ಒಂದು ದಿನವಾದರೂ ಎದುರು ನಿಂತು, ಬಾಯಿ ಮುಚ್ಚಮ್ಮ, ನೂರಾರು ಹುಡುಗರನ್ನ ಒಂದೇ ದಿನದಲ್ಲಿ ನೋಡಿದ್ದೆ, ನನಗೇನು ಗೊತ್ತಿತ್ತು ಅನ್ನಬಾರದೇ? ಬದಲಿಗೆ, ಅಂಗಡಿಯ ಮುಂದೆ ಹಾದುಹೋಗಬೇಕಾದಾಗಲೆಲ್ಲ ರಸ್ತೆಯ ಆ ಬದಿಗೆ ದಾಟಿ, ತಲೆ ತಗ್ಗಿಸಿಕೊಂಡು ನಡೆಯುತ್ತಾರೆ. ಆಗ ಮೂವತ್ತು ತುಂಬಿರಲಿಲ್ಲ, ಈಗ ತಲೆಯೆಲ್ಲ ಬಿಳಿ. ಇಷ್ಟು ವರ್ಷವೂ ಅದೇ ನಡಿಗೆ. ಅವರು ಒಮ್ಮೆ ಜಗಳವಾಡಿದ್ದರೂ ಅಕ್ಕನ ಎದೆಯ ಭಾರ ಸ್ವಲ್ಪ ಇಳಿಯುತ್ತಿತ್ತೇನೋ. ಮಾಡದ ತಪ್ಪನ್ನು ಹೀಗೆ ತಲೆ ತಗ್ಗಿಸಿ ಹೊತ್ತುಕೊಂಡರೆ, ಮಾಡಿದವಳು ಏನು ಮಾಡಬೇಕು?

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಅಮ್ಮ ಸ್ನಾನ ಮಾಡಿ, ಕಿಟಕಿಯ ಬಿಸಿಲಿಗೆ ಕೂತು ಉಗುರು ಕತ್ತರಿಸೆಂದು ಕೈ ಚಾಚಿದಳು. ವೇದಿಕೆಯ ಮೇಲೆ ಕೂರುವವರ ಉಗುರು ಚೆನ್ನಾಗಿರಬೇಕಂತೆ. ಅಕ್ಕ ಎದುರಿಗೆ ಮಣೆ ಹಾಕಿಕೊಂಡು ಕೂತಳು. ಎಡಗೈಯ ಐದು ಉಗುರೂ ಮುಗಿಯಿತು. ಅಮ್ಮ ಭಾಷಣದ ಮೊದಲ ವಾಕ್ಯವನ್ನು ಮೆಲ್ಲನೆ ಹೇಳಿಕೊಳ್ಳುತ್ತಿದ್ದಳು. ಅದನ್ನು ಎರಡನೆಯ ಸಲ ಕೇಳಿದಾಗ ಅಕ್ಕನಿಗೆ ಸಾಕೋ ಸಾಕಾಯಿತು.

"ಡಾಕ್ಟರದ್ದು ತಪ್ಪಿಲ್ಲಮ್ಮ," ಎಂದಳು. "ತಪ್ಪು ನಂದು."

"ಏನದು ನಿಂದು?"

"ಅಕ್ಷರದ ಪಟ ಕೊಟ್ಟಿದ್ದು ನಾನು."

ಆಮೇಲೆ ನಿಲ್ಲಿಸಲಾಗಲಿಲ್ಲ. ಸೈನ್ಯದವರು ಶಾಲೆಯಲ್ಲಿ ಬಿಡಾರ ಹಾಕಿ ಹುಡುಗರನ್ನು ಆರಿಸುತ್ತಿದ್ದ ದಿನ. ಊರಿಗೆ ಹೊಸದಾಗಿ ಬಂದಿದ್ದ ಡಾಕ್ಟರನ್ನು ಕಣ್ಣು ನೋಡಲು ಕೂರಿಸಿದ್ದರು. ಅವರ ದವಾಖಾನೆಯ ಸಾಮಾನು ಇನ್ನೂ ಬಂದಿರಲಿಲ್ಲ. ಕಣ್ಣು ಪರೀಕ್ಷೆಯ ಪಟ, ದೊಡ್ಡ ಅಕ್ಷರದಿಂದ ಶುರುವಾಗಿ ಸಾಲುಸಾಲಿಗೂ ಸಣ್ಣದಾಗುತ್ತಾ ಹೋಗುತ್ತದಲ್ಲ, ಅದೊಂದು ಬೇಕೆಂದು ಅಂಗಡಿಗೆ ಜನ ಕಳಿಸಿದರು. ಅಂಗಡಿಯಲ್ಲಿ ಎರಡು ಪಟವಿತ್ತು. ಒಂದು ಹೊಸದು, ಕಂಪನಿಯಿಂದ ಬಂದದ್ದು, ಕೊಳವೆಯಿಂದ ತೆಗೆದೇ ಇರಲಿಲ್ಲ. ಇನ್ನೊಂದು ಗೋಡೆಯ ಮೇಲಿದ್ದ ಹಳೆಯದು. ಸೋಡಾ ಹುಟ್ಟಿದಾಗಿನಿಂದ ಕಂಡದ್ದು ಅದನ್ನೇ. ಕನ್ನಡಕ ತೆಗೆದಿಟ್ಟು ನಿಂತರೂ ಅದರ ಅಕ್ಷರ ಹೇಳಲು ಅವನಿಗೆ ಕಣ್ಣೇ ಬೇಕಿರಲಿಲ್ಲ.

"ಬಂದವನು ಯಾವುದಾದ್ರೂ ಒಂದು ಕೊಡಿ ಅಂದ. ಇವನು ಪರದೆ ಹಿಂದೆ ನಿಂತು ನನಗೆ ಕೈ ಮುಗೀತಿದ್ದ. ಮೂರು ವಾರದಿಂದ ಒಂದೇ ಸಮನೆ ಪ್ರಾಣ ತಿಂದಿದ್ದ, ಅಮ್ಮ. ಜೊತೆಯವರೆಲ್ಲ ಹೋದ್ರು, ನಾನೊಬ್ಬ ಸೋಡಾ ಆಗೇ ಸಾಯಬೇಕಾ ಅಂತ. ನನಗೂ ರೇಗಿ ಹೋಗಿತ್ತು. ಹೋಗಲಿ, ಸೇರಿಕೊಳ್ಳಲಿ, ಅಲ್ಲಿ ಹತ್ತು ದಿನದಲ್ಲಿ ಬಣ್ಣ ಬಯಲಾಗಿ ಒದ್ದು ಕಳಿಸ್ತಾರೆ, ಆಗ ಬುದ್ಧಿ ಬರುತ್ತೆ ಅಂದುಕೊಂಡೆ. ಗೋಡೆ ಮೇಲಿದ್ದದ್ದನ್ನ ಬಿಚ್ಚಿ ಕೊಟ್ಟೆ."

ಒದ್ದು ಕಳಿಸಲಿಲ್ಲ. ಯುದ್ಧದ ಗಡಿಬಿಡಿಯಲ್ಲಿ ಒಳಗೆ ಬಂದವನನ್ನು ಹೊರಗೆ ಹಾಕಲು ಯಾರಿಗೂ ಪುರಸೊತ್ತಿರಲಿಲ್ಲ. ಕನ್ನಡಕ ಹಾಕಿಕೊಂಡೇ ಸಾಮಾನು ಎಣಿಸು ಎಂದು ಉಗ್ರಾಣಕ್ಕೆ ಹಾಕಿದರು. ಒಡೆದಾಗಲೆಲ್ಲ ಅಕ್ಕ ಹೊಸ ಜೊತೆ ಮಾಡಿ, ಡಬ್ಬಿಯಲ್ಲಿ ಹತ್ತಿ ತುಂಬಿ, ಅಮ್ಮನಿಗೆ ಕಾಣದಂತೆ ಅಂಚೆಗೆ ಹಾಕುತ್ತಿದ್ದಳು. ಏಳು ತಿಂಗಳಲ್ಲಿ ಮೂರು ಜೊತೆ ಕಳಿಸಿದಳು. ಮೂರನೆಯದು ತಲುಪಿತೋ ಇಲ್ಲವೋ ತಿಳಿಯಲಿಲ್ಲ.

ಹೇಳಿ ಮುಗಿಯುವ ಮೊದಲೇ ಅಮ್ಮ ಕೈ ಎಳೆದುಕೊಂಡು ಮಡಿಲಲ್ಲಿಟ್ಟುಕೊಂಡಿದ್ದಳು. ಅಕ್ಕ ಕತ್ತರಿ ಹಿಡಿದುಕೊಂಡು ನೆಲ ನೋಡುತ್ತಾ ಕೂತಳು. ಈ ಹೆಂಗಸಿನ ಜೊತೆ ಒಂದೇ ಸೂರಿನಡಿ ಐವತ್ತು ವರ್ಷ ಕಳೆದಾಗಿತ್ತು. ಇನ್ನು ಮೇಲೆ ಅವಳು ತನ್ನ ಮುಖ ನೋಡದಿದ್ದರೆ ಎಲ್ಲಿಗೆ ಹೋಗಬೇಕೆಂದು ಅಕ್ಕನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವಳಿಗೆ ಅಳು ಬಂತು.

"ಪಟ ಹರಿದುಹೋಯ್ತು ಅಂದಿದ್ದೆಯಲ್ಲ," ಎಂದಳು ಅಮ್ಮ.

"ಸುಳ್ಳು ಹೇಳಿದ್ದೆ. ಅವರು ವಾಪಸ್ ಕಳಿಸಿದ ಮೇಲೆ ನೋಡೋಕಾಗಲಿಲ್ಲ. ಸುಟ್ಟುಹಾಕಿದೆ."

"ಎಷ್ಟು ಸಾಲು ಹೇಳಿದನಂತೆ?"

"ಅಮ್ಮ, ಅದೆಲ್ಲ ಈಗ ಯಾಕೆ?"

"ಕೇಳಿದ್ದಕ್ಕೆ ಹೇಳು."

"ಏಳೂ ಸಾಲು. ಮನೆಗೆ ಬಂದು ಕುಣಿದಾಡಿದ್ದ. ಉಳಿದವರೆಲ್ಲ ಐದಕ್ಕೇ ನಿಂತ್ರು, ನಾನು ಏಳನೇದನ್ನೂ ಗಡಗಡ ಹೇಳಿಬಿಟ್ಟೆ ಅಂತ."

ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು. "ಏಳನೇ ಸಾಲು ಅವನಿಗೆ ಸರಿಯಾಗಿ ಬರ್ತಿರಲಿಲ್ಲ," ಎಂದಳು.

"ಅವನಿಗಾ? ಹುಟ್ಟಿದಾಗಿಂದ ಅದರ ಕೆಳಗೇ ಬೆಳೆದವನು."

"ಅಕ್ಷರ ಕಲಿಸಿದ್ದು ನಾನು ತಾನೇ? ನಾಲ್ಕು ವರ್ಷದವನು, ನಿಮ್ಮಪ್ಪ ಆಗಷ್ಟೇ ಕನ್ನಡಕ ಮಾಡಿ ಹಾಕಿದ್ರು. ಮಧ್ಯಾಹ್ನ ಅಪ್ಪ ಮಲಗಿದಾಗ ಇದೇ ಬಾಗಿಲ ಹತ್ರ ತೊಡೆ ಮೇಲೆ ಕೂರಿಸಿಕೊಂಡು ಆ ಗೋಡೆ ತೋರಿಸಿ ಹೇಳಿಕೊಡ್ತಿದ್ದೆ. ನನಗೆಲ್ಲಿ ಕಾಣ್ತಿತ್ತು ಅಷ್ಟು ದೂರ? ಅವನ ಕಣ್ಣು ನನ್ನದೇ. ಕನ್ನಡಕದವನ ಹೆಂಡತಿಯಾಗಿ ಕನ್ನಡಕ ಹಾಕೋಕೆ ನನಗೆ ನಾಚಿಕೆ, ಹಾಕ್ತಿರಲಿಲ್ಲ. ಮೇಲಿನ ಆರು ಸಾಲು ಗಿರಾಕಿಗಳು ಓದೋದನ್ನ ಕೇಳೀ ಕೇಳೀ ಬಾಯಿಗೆ ಬಂದಿತ್ತು. ಏಳನೇದಕ್ಕೆ ಯಾರೂ ಬರ್ತಾನೇ ಇರಲಿಲ್ಲ. ಅದಕ್ಕೆ ಬಾಯಿಗೆ ಬಂದದ್ದು ಹೇಳಿಕೊಟ್ಟೆ."

ಅಕ್ಕ ಬಾಯಿ ತೆರೆದುಕೊಂಡು ನೋಡಿದಳು.

"ಓದು ಬಂದ ಮೇಲೆ ಒಂದಿನ ಹೇಳಿದ, ಅಮ್ಮ, ಕೊನೇ ಸಾಲು ಅದಲ್ಲ ಅಂತ. ನನಗಿಂತ ನಿನಗೆ ಜಾಸ್ತಿ ಕಾಣುತ್ತಾ ಅಂತ ಬೈದೆ. ಆಮೇಲೆ ನಾನು ಹೇಳಿದ ಹಾಗೇ ಹೇಳೋನು. ನನ್ನ ಜೊತೆ ಯಾಕೆ ಜಗಳ ಅಂತ. ಅದೇ ಅವನ ಬಾಯಲ್ಲಿ ಕೂತುಬಿಟ್ಟಿತು."

"ಏನು ಹೇಳಿಕೊಟ್ಟಿದ್ದೆ?"

"ನೆನಪಿಲ್ಲ. ಅವನು ಹೋದ ಮೇಲೆ ಎಷ್ಟು ಸಲ ನೆನೆಸಿಕೊಳ್ಳೋಕೆ ನೋಡಿದ್ದೀನಿ, ಮೊದಲನೇ ಅಕ್ಷರವೇ ಬರಲ್ಲ." ಅಮ್ಮನ ಹುಬ್ಬು ಗಂಟಿಕ್ಕಿತು. "ಹಾಗಾದ್ರೆ ಅವತ್ತು ಅವನು ತಪ್ಪು ಹೇಳಿದ್ದಾನೆ. ಒಂದಕ್ಷರವೂ ಸರಿ ಇರೋಕೆ ಸಾಧ್ಯವಿಲ್ಲ. ಅಷ್ಟು ತಪ್ಪು ಹೇಳಿದವನನ್ನ ಆ ಡಾಕ್ಟರ್ ಯಾಕೆ ಒಳಗೆ ತಗೊಂಡ?"

ಅಕ್ಕನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇಪ್ಪತ್ತಾರು ವರ್ಷ ನುಂಗಿಕೊಂಡದ್ದನ್ನು ಪ್ರಾಣ ಕೈಯಲ್ಲಿ ಹಿಡಿದು ಕಕ್ಕಿದರೆ, ಮೊಕದ್ದಮೆ ಮತ್ತೆ ಮೊದಲಿನಿಂದ ಶುರುವಾಯಿತು. "ನಾನು ಹೇಳಿದ್ದು ನಿನಗೆ ಅರ್ಥವಾಯಿತಾ ಇಲ್ವಾ? ಪಟ ಕೊಟ್ಟಿದ್ದು ನಾನು. ಬೈಯೋದಿದ್ರೆ ನನ್ನ ಬೈಯಿ. ಅವರನ್ನ ಬಿಟ್ಟುಬಿಡು."

"ಅರ್ಥವಾಯಿತು. ನಿನ್ನನ್ನ ಬೈಯೋದಕ್ಕೆ ಮನೆಯಲ್ಲಿ ದಿನ ಬೇಕಾದಷ್ಟಿದೆ," ಎಂದಳು ಅಮ್ಮ. ಆಮೇಲೆ ಬಲಗೈಯನ್ನು ಮಗಳ ಮುಂದೆ ಚಾಚಿದಳು. "ಈ ಕೈದು ಬಾಕಿ ಇದೆ. ಬೇಗ ಕತ್ತರಿಸು, ಹೊತ್ತಾಯ್ತು."

ಅಕ್ಕ ಕಣ್ಣೊರೆಸಿಕೊಂಡು ಆ ಕೈಯನ್ನು ಹಿಡಿದುಕೊಂಡಳು. ಅವಳು ನಿಧಾನವಾಗಿ ಕತ್ತರಿಸಿದಳು.

ಶಾಲೆಯ ಗ್ರಂಥಾಲಯದಲ್ಲಿ ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಕಪಾಟುಗಳನ್ನು ಗೋಡೆಗೆ ಸರಿಸಿ, ನಡುವೆ ಬೆಂಚು ಹಾಕಿ, ಒಂದು ತುದಿಗೆ ಮೇಜು, ನಾಲ್ಕು ಕುರ್ಚಿ, ಒಂದು ಮೈಕು ಇಟ್ಟಿದ್ದರು. ಮೈಕು ಆಗಾಗ ಕೀರಲು ದನಿ ತೆಗೆಯುತ್ತಿತ್ತು. ಮೇಜಿನ ಹಿಂದಿನ ಗೋಡೆಯಲ್ಲಿ ಫೋಟೋಗೆ ನೀಲಿ ಬಟ್ಟೆ ಹೊದಿಸಿದ್ದರು. ಅಮ್ಮನನ್ನು ಕೂರಿಸಿದ ಕುರ್ಚಿಯ ಪಕ್ಕದ್ದೇ ಡಾಕ್ಟರ ಕುರ್ಚಿ. ಡಾಕ್ಟರು ಬಂದವರು ಅಮ್ಮನನ್ನು ಕಂಡು ಕೈ ಮುಗಿದು, ತಮ್ಮ ಕುರ್ಚಿಯನ್ನು ಒಂದು ಗೇಣು ದೂರ ಎಳೆದುಕೊಂಡು ಕೂತರು. ಅಕ್ಕ ಮುಂದಿನ ಬೆಂಚಿನ ತುದಿಯಲ್ಲಿ ಕೂತು ಇಬ್ಬರನ್ನೂ ನೋಡುತ್ತಿದ್ದಳು. ಯಾವ ಕ್ಷಣದಲ್ಲಾದರೂ ಎದ್ದು ಹೋಗಿ ಅಮ್ಮನ ಕೈ ಹಿಡಿದು ಎಳೆದುಕೊಂಡು ಬರಬೇಕಾದೀತೆಂದು ಚಪ್ಪಲಿಯನ್ನು ಕಾಲಿಗೇ ಹಾಕಿಕೊಂಡಿದ್ದಳು.

ಹೆಡ್‌ಮಾಸ್ತರು ಇಪ್ಪತ್ತೈದು ನಿಮಿಷ ಮಾತಾಡಿದರು. ಸೋಡಾನನ್ನು ಅವರು ಕಂಡವರಲ್ಲ. ಆದ್ದರಿಂದ ಮಾತು ತಡೆಯಿಲ್ಲದೆ ಹರಿಯಿತು. ಚಿಕ್ಕಂದಿನಿಂದಲೇ ಬಂದೂಕಿನ ಕನಸು ಕಂಡವನೆಂದರು. ಅವನು ಪಟಾಕಿಗೂ ಕಿವಿ ಮುಚ್ಚುತ್ತಿದ್ದ. ಹದ್ದಿನ ಕಣ್ಣಿನ ಆ ಯೋಧ ಎಂದರು. ಅಕ್ಕ ತುಟಿ ಕಚ್ಚಿಕೊಂಡಳು. ಅಮ್ಮ ನೆಟ್ಟಗೆ ಮುಂದೆ ನೋಡುತ್ತಾ ಕೂತಿದ್ದಳು.

ಆಮೇಲೆ ಡಾಕ್ಟರು ಎದ್ದು ದಾರ ಎಳೆದರು. ಬಟ್ಟೆ ಅರ್ಧ ಸರಿದು ಮೊಳೆಗೆ ಸಿಕ್ಕಿಕೊಂಡಿತು. ಇನ್ನೊಮ್ಮೆ ಎಳೆದರು, ಫೋಟೋನೇ ವಾಲಿತು. ಹೆಡ್‌ಮಾಸ್ತರು ಕುರ್ಚಿ ಹತ್ತಿ, ಬಟ್ಟೆ ಬಿಡಿಸಿ, ಚೌಕಟ್ಟನ್ನು ನೇರ ಮಾಡಿ, ಇಳಿಯುವಾಗ ಮತ್ತೆ ಅದನ್ನೇ ಹಿಡಿದುಕೊಂಡು ವಾಲಿಸಿದರು. ಅಷ್ಟರಲ್ಲಿ ಚಪ್ಪಾಳೆ ಹೊಡೆಯಬೇಕಾದವರು ಹೊಡೆದು ಮುಗಿಸಿದ್ದರು. ಫೋಟೋದಲ್ಲಿ ಸೋಡಾ ಸೈಕಲ್ಲಿಗೆ ಒರಗಿ ನಿಂತಿದ್ದ. ಕನ್ನಡಕದ ಗಾಜಿನ ಮೇಲೆ ಬೆಳಕು ಬಿದ್ದು ಒಂದು ಕಣ್ಣು ಕಾಣುತ್ತಿರಲಿಲ್ಲ.

ಡಾಕ್ಟರು ಮೈಕಿನ ಮುಂದೆ ನಿಂತು, "ನಾನು ಹೆಚ್ಚು ಮಾತಾಡೋನಲ್ಲ. ಈ ಕೋಣೆಯಲ್ಲಿ ಮಕ್ಕಳು ಚೆನ್ನಾಗಿ ಓದಲಿ," ಎಂದಷ್ಟೇ ಹೇಳಿ ಕೂತರು.

"ಈಗ ವೀರಮಾತೆಯವರು," ಎಂದರು ಹೆಡ್‌ಮಾಸ್ತರು.

ಅಮ್ಮ ಮೇಜಿನ ಅಂಚು ಹಿಡಿದುಕೊಂಡು ಎದ್ದಳು. ಹೆಡ್‌ಮಾಸ್ತರು ಮೈಕಿನ ಕುತ್ತಿಗೆಯನ್ನು ಅವಳ ಎತ್ತರಕ್ಕೆ ಬಗ್ಗಿಸಿದರು. ಅಮ್ಮ ಮೈಕಿನ ಕಡೆ ಹೋಗಲಿಲ್ಲ. ಒಂದು ಗೇಣು ದೂರವಿದ್ದ ಕುರ್ಚಿಯ ಕಡೆ ತಿರುಗಿದಳು. ಅಕ್ಕ ಬೆಂಚಿನಿಂದ ಎದ್ದುಬಿಟ್ಟಳು.

"ಡಾಕ್ಟ್ರೇ," ಎಂದಳು ಅಮ್ಮ, "ಒಂದು ಮಾತು ಕೇಳಬೇಕಿತ್ತು."

ಡಾಕ್ಟರು ಎದ್ದು ನಿಂತರು. ಅವರ ಮುಖ ಬಿಳಿಚಿಕೊಂಡಿತ್ತು, ಆದರೆ ಆಶ್ಚರ್ಯವಿರಲಿಲ್ಲ. ಈ ದಿನ ಒಂದಲ್ಲ ಒಂದು ಸಲ ಬರುತ್ತದೆಂದು ಅವರು ಕಾಯುತ್ತಿದ್ದಂತಿತ್ತು.

"ಅವತ್ತು ನನ್ನ ಮಗ ಏಳನೇ ಸಾಲು ಹೇಳಿದನಾ?"

"ಹೇಳಿದ."

"ಸರಿಯಾಗಿ ಹೇಳಿದನಾ?"

ಮೈಕಿಗೆ ಇದಾವುದೂ ತಲುಪುತ್ತಿರಲಿಲ್ಲ. ಹಿಂದಿನ ಬೆಂಚಿನವರು ಏನಂತೆ, ಏನಂತೆ ಎಂದು ಕತ್ತು ಚಾಚುತ್ತಿದ್ದರು. ಅಕ್ಕ ಮೇಜಿನ ಈಚೆ ಬದಿಗೆ ಬಂದು ನಿಂತಿದ್ದಳು. ಅವಳಿಗೆ ಎಲ್ಲವೂ ಕೇಳಿಸುತ್ತಿತ್ತು.

"ಇಲ್ಲ," ಎಂದರು ಡಾಕ್ಟರು. "ಮೇಲಿನ ಆರೂ ಸರಿ ಇತ್ತು. ಬೆಳಗಿನಿಂದ ಕೇಳೀ ಕೇಳೀ ನನಗೂ ಬಾಯಿಗೆ ಬಂದಿತ್ತು, ನಾನು ತಲೆ ಕೂಡ ಎತ್ತಿರಲಿಲ್ಲ. ಏಳನೇದು ಕೇಳಿದ ಮೇಲೆ ಪಟದ ಕಡೆ ನೋಡಿದೆ. ಒಂದಕ್ಷರವೂ ಅದರಲ್ಲಿ ಇದ್ದದ್ದಲ್ಲ. ಅಷ್ಟು ಸಲೀಸಾಗಿ ಹೇಳಿದನಲ್ಲಮ್ಮ, ಬಾಯಿಪಾಠ ಅಂತ ಆಗಲೇ ಗೊತ್ತಾಯಿತು. ಅವನಿಗೆ ಗೋಡೆಯೇ ಕಾಣ್ತಿರಲಿಲ್ಲ."

"ಮತ್ತೆ?"

"ಅವನ ಹಿಂದೆ ಸಾಲು ಗೇಟಿನ ಆಚೆ ತನಕ ಇತ್ತು. ಸಂಜೆಯೊಳಗೆ ಮುಗಿಸಿ ಅಂತ ಮೇಲಿನವರು ಎರಡು ಸಲ ಬಂದು ಹೇಳಿದ್ರು. ಐದು ಸಾಲು ಹೇಳಿದ್ರೆ ಸಾಕು ಅಂತ ನಿಯಮ. ಐದು ಸರಿ ಇದೆಯಲ್ಲ ಅಂತ ನನಗೆ ನಾನೇ ಹೇಳಿಕೊಂಡು ರುಜು ಹಾಕಿದೆ. ನೀವು ಇಷ್ಟು ವರ್ಷ ಹೇಳ್ತಿರೋದು ಸುಳ್ಳಲ್ಲ."

ಅಕ್ಕ ಮೇಜಿಗೆ ಒರಗಿದಳು. ತಾನೊಬ್ಬಳೇ ಹೊತ್ತಿದ್ದೇನೆಂದು ತಿಳಿದಿದ್ದದ್ದನ್ನು ಈ ಮನುಷ್ಯನೂ ನಾಲ್ಕು ಅಂಗಡಿಯಾಚೆ ಕೂತು ಹೊತ್ತಿದ್ದ. ಅವಳಿಗೆ ಅವರ ಮೇಲೆ ಮತ್ತೆ ಸಿಟ್ಟು ಬಂತು, ಬಂದಷ್ಟೇ ಬೇಗ ಇಳಿಯಿತು. ಈಗ ಅಮ್ಮ ಮೈಕಿನ ಕಡೆ ತಿರುಗುತ್ತಾಳೆ, ನಾಲ್ಕು ದಿನ ಉರು ಹೊಡೆದದ್ದನ್ನು ಊರಿಗೆ ಹೇಳುತ್ತಾಳೆ ಎಂದು ಅವಳು ಕಾದಳು. ತಡೆಯಲು ಯಾವ ಮಾತೂ ಉಳಿದಿರಲಿಲ್ಲ.

"ಏನಂತ ಹೇಳಿದ?" ಎಂದಳು ಅಮ್ಮ.

"ಏನಮ್ಮ?"

"ಆ ಸಾಲು. ತಪ್ಪು ಅಂದ್ರಲ್ಲ, ಏನಂತ ಹೇಳಿದ?"

ಡಾಕ್ಟರು ಅವಳ ಮುಖ ನೋಡಿದರು. ಹೆಡ್‌ಮಾಸ್ತರು ಮೈಕನ್ನು ಕಿತ್ತುಕೊಂಡು ಹತ್ತಿರ ತರಲು ಹೊರಟರು. ಅಕ್ಕ ಅವರ ತೋಳು ಹಿಡಿದು ನಿಲ್ಲಿಸಿದಳು. ಡಾಕ್ಟರಿಗೆ ನೆನಪು ಮಾಡಿಕೊಳ್ಳಬೇಕಾಗಿಯೇ ಬರಲಿಲ್ಲ.

"ಲ," ಎಂದರು. "ಬ. ಮ."

ಅಮ್ಮನ ಕೈ ಮೇಲೆದ್ದು ಅವರ ಅಂಗಿಯ ತೋಳನ್ನು ಹಿಡಿಯಿತು.

"ಕ," ಎಂದರು ಡಾಕ್ಟರು.

"ವ," ಎಂದಳು ಅಮ್ಮ.

ಉಳಿದೆರಡನ್ನು ಇಬ್ಬರೂ ಒಟ್ಟಿಗೆ ಹೇಳಿದರು. ತ. ನ. ಹಿಂದಿನ ಬೆಂಚಿನಲ್ಲಿ ಯಾರೋ, ಅಜ್ಜಿ ಭಾಷಣ ಮಾಡಲ್ವಂತಾ ಎಂದು ಕೇಳುತ್ತಿದ್ದರು. ಅಮ್ಮ ಆ ತೋಳನ್ನು ಬಿಡದೆ, ಕಿವಿಯನ್ನು ಅವರ ಕಡೆ ಸ್ವಲ್ಪ ವಾಲಿಸಿ ನಿಂತಳು.

"ಇನ್ನೊಂದ್ಸಲ ಹೇಳಿ," ಎಂದಳು. "ಅವನು ಹೇಳಿದ ಹಾಗೆ, ಸ್ವಲ್ಪ ಗಡಗಡ ಅಂತ."